ಚುಕ್ಕಿ ಎಣಿಸುವ ಕೆಲಸ

ರಾತ್ರಿ ಪಾಳಿ. ಹಾರ್ಬಿನ್. ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ನಾನು ಗುವಾನ್ ಶೂಲಾನ್, ಮೂರನೆಯ ಮಹಡಿಯ ಕತ್ತಲೆ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ಚುಕ್ಕಿ ಎಣಿಸುತ್ತಿದ್ದೇನೆ.
ಆಕಾಶದವಲ್ಲ; ಅದಕ್ಕೆ ಸಂಬಳ ಕೊಡುವವರಿಲ್ಲ.

ಗಾಜಿನ ಮೇಲೆ ಒಂದು ತೊಟ್ಟು ಮಜ್ಜೆ,
ಮಸೂರದಡಿ ನೀಲಿ ಕೋಶಕೇಂದ್ರ,
ನೀಲಿಯೊಳಗೆ ಹಸಿರು ಚುಕ್ಕಿ:
ಹತ್ತೋ ಹದಿನೈದೋ, ಒಮ್ಮೊಮ್ಮೆ ಇಪ್ಪತ್ತು.
ಇನ್ನೂ ಹಿಗ್ಗಿಸಿದರೆ ಚುಕ್ಕಿ ಬಳೆಯಾಗುತ್ತದೆ,
ಪ್ರೊಟೀನಿನ ಚಿಪ್ಪು, ನಡುವೆ ಪೊಳ್ಳು.

ಸುತ್ತ ಪೊರೆಯಿಲ್ಲ, ಕದವಿಲ್ಲ, ಚಿಲಕವಿಲ್ಲ.
ಬರುವವರು ಬರುತ್ತಾರೆ,
ಕೆಲವರು ಕೂತಂತೆ ಮಾಡಿ ಎದ್ದು ಹೋಗುತ್ತಾರೆ,
ಆದರೂ ಗುಂಪು ಕರಗುವುದಿಲ್ಲ.
ಹೇಗೆ? ಎಂದ ಹೊಸ ಹುಡುಗ ಶಿ ಬೋಹಾನ್.

ನಡುರಾತ್ರಿಯ ಊಟದ ಡಬ್ಬಿ ತೆರೆದು ತೋರಿಸಿದೆ:
ವಿನೆಗರಿನ ಬಟ್ಟಲಲ್ಲಿ ತೇಲುವ ಖಾರದೆಣ್ಣೆ.
ಕಡ್ಡಿಯ ತುದಿಯಿಂದ ಮೆಲ್ಲಗೆ ತಳ್ಳಿದೆ.
ಎರಡು ಹನಿ ಮುಟ್ಟಿದವು, ತುಸು ತಡೆದವು,
ಒಂದಾದವು.
‘ಗೋಡೆ ಕಟ್ಟಿದವರು ಯಾರು, ಹೇಳು?’
ಕಡುಬನ್ನು ಬಾಯಿಗಿಟ್ಟು ಅವನು ಅರ್ಧ ಒಪ್ಪಿದ.
ಅರ್ಧವೇ ಸರಿ. ಎಣ್ಣೆಗೆ ಕೈಯಿಲ್ಲ, ಇವಕ್ಕಿದೆ:
ಒಂದರ ಮೈಗೆ ತಗಲಿಸಿದ ಪುಟ್ಟ ಪ್ರೊಟೀನಿನ ಕೊಂಡಿ,
ಇನ್ನೊಂದರ ಮೈಯಲ್ಲಿ ಅದೇ ಅಳತೆಯ ಕುಳಿ.

ಇಷ್ಟೆಲ್ಲ ಸೇರಿ ಮಾಡುವುದೇನು?
ಒಳನುಗ್ಗಿದ ವೈರಸ್ಸನ್ನು ಸುತ್ತಿ ಕೂರುತ್ತವಂತೆ,
ಹರಿದ ಡಿಎನ್‌ಎ ಪಕ್ಕ ಕಾವಲಿರುತ್ತವಂತೆ,
ಸಾಯಬೇಕಾದ ಕೋಶಕ್ಕೆ ಹೊತ್ತಾಯಿತೆಂದು ನೆನಪಿಸುತ್ತವಂತೆ.
ಅಂತೆಗಳ ಪಟ್ಟಿ ಉದ್ದವಿದ್ದಷ್ಟೂ
ತಿಳಿದದ್ದು ಕಡಿಮೆ. ಇದು ಪುಸ್ತಕದಲ್ಲಿಲ್ಲ, ನನ್ನ ಮಾತು.

ಡಿಸೆಂಬರಿನಲ್ಲಿ ಟೋಂಗ್ ದೆಶೆಂಗ್ ಬಂದ.
ಸೊಂಗ್ಹುವಾ ನದಿಯ ಮೇಲೆ ನಿಂತು ಮಂಜುಗಡ್ಡೆ ಕೊಯ್ಯುವವನು.
ಹಗ್ಗ ತಗುಲಿದಲ್ಲೆಲ್ಲ ಮೈ ಕಪ್ಪುಗಟ್ಟಿತ್ತು,
ಒಸಡಿನ ರಕ್ತ ಮಫ್ಲರಿನ ಮೇಲೇ ಹೆಪ್ಪಾಗಿತ್ತು.
ಅವನ ಸ್ಲೈಡನ್ನು ಎಣಿಸಲಾಗಲಿಲ್ಲ.
ಹದಿನೈದನೆಯ ವರ್ಣತಂತು ಹದಿನೇಳನೆಯದರೊಡನೆ
ತುಂಡು ಅದಲುಬದಲಾಗಿ, ಬೆಸೆದುಹೋದ ಪ್ರೊಟೀನು
ಬಳೆಗಳನ್ನೆಲ್ಲ ಪುಡಿಗಟ್ಟಿತ್ತು.
ನೀಲಿಯ ತುಂಬ ಹಸಿರು ಧೂಳು,
ಗರಗಸದ ಬಾಯಿಂದ ಹಾರುವ ಮಂಜಿನ ಹಿಟ್ಟು.
ಷರಾ ಕಾಲಮ್ಮಿನಲ್ಲಿ ಬರೆದೆ: ಚದುರಿದೆ.

ಮದ್ದು ಪಾಷಾಣ.
ಅವನ ಹೆಂಡತಿ ಝಾಯ್ ಗುಯಿಝಿ ವಾರ್ಡಿನ ಬಾಗಿಲಲ್ಲೇ ನಿಂತು
‘ಇಲಿಗೆ ಇಡುತ್ತಾರಲ್ಲ, ಅದೇ?’ ಎಂದಳು.
‘ಅದೇ’ ಎಂದರು ಡಾಕ್ಟರು. ‘ಅಳತೆ ಬೇರೆ.’
ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.
ನೀರಿನಂತಿತ್ತು. ಅದೇ ಅವಳಿಗೆ ಹೆಚ್ಚು ಭಯ.

ನಾಲ್ಕನೆಯ ದಿನದ ಸ್ಲೈಡು.
ಧೂಳು ಧೂಳನ್ನು ಹುಡುಕಿಕೊಂಡು ಬಂದಿತ್ತು.
ಅಲ್ಲೊಂದು ಉಂಡೆ, ಇಲ್ಲೊಂದು, ಬೇಕಾದ್ದಕ್ಕಿಂತ ದಪ್ಪ.
ಬೋಹಾನ್ ಕುರ್ಚಿಯಿಂದ ಎದ್ದೇಬಿಟ್ಟ.
‘ಕೂತ್ಕೋ’ ಎಂದೆ. ಕೂಡಿದ್ದು ಉಳಿಯಲಿಕ್ಕಲ್ಲ;
ವಿಷ ಒಟ್ಟುಗೂಡಿಸಿ ಕೊಡುತ್ತದೆ, ಕೋಶದ ಕಸದ ಗಿರಣಿ
ಕೆಟ್ಟ ಪ್ರೊಟೀನನ್ನು ಅರೆದುಹಾಕುತ್ತದೆ.
ಆಮೇಲೆ ಉಳಿದದ್ದು ತನ್ನ ಬಳೆ ತಾನು ತೊಡಬೇಕು.
ಎಲ್ಲರಲ್ಲೂ ತೊಡುವುದಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ.

ಜನವರಿ. ವಾರ್ಡಿನ ಕಿಟಕಿಯಲ್ಲಿ ಮಂಜಿನ ಗೋಪುರ,
ಒಳಗೆ ಕೆಂಪು ದೀಪ, ಹಳದಿ ದೀಪ.
‘ಈ ವರ್ಷ ಕೊಯ್ದದ್ದು ನನ್ನ ತಮ್ಮ’ ಎಂದ ದೆಶೆಂಗ್,
‘ಮೂಲೆ ನೋಡಿ, ಸೊಟ್ಟ.’
ಗಾರೆ ಹಾಕುತ್ತೀರಾ ಎಂದು ಕೇಳಿದೆ.
ಅವನು ನಕ್ಕ. ‘ನಡುವೆ ನೀರು ಸುರಿಯುತ್ತೇವೆ, ಅಷ್ಟೆ.
ಹಿಡಿಯುತ್ತದೆ. ಮಾರ್ಚಿನವರೆಗೆ.’

ಮತ್ತೆ ಅವನೇ: ‘ನನ್ನದರಲ್ಲಿ ಎಷ್ಟು ಕಂಡಿತು ನಿಮಗೆ?’
‘ಒಂದು ಕೋಶದಲ್ಲಿ ಹನ್ನೆರಡು. ಇನ್ನೊಂದರಲ್ಲಿ ಒಂಬತ್ತು.’
‘ಅದು ಜಾಸ್ತಿಯೋ ಕಡಿಮೆಯೋ?’

ಗುಯಿಝಿ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದ್ದಳು.
‘ಎಣಿಸಲಿಕ್ಕೆ ಬರುವಷ್ಟು’ ಎಂದೆ.